‘ಬಿ’ ಜೀವಸತ್ವದ ಚುಚ್ಚುಮದ್ದು ಮತ್ತು ನಮ್ಮ ಅಕ್ಕಿಯ ತೌಡು

ಕೆಲವು ವರ್ಷಗಳ ಹಿಂದೆ ಮುಂಗಾರಿನಲ್ಲಿ ಭದ್ರಾವತಿ ತಾಲ್ಲೂಕಿನ ನಾಲೆ ಬಯಲಿನ ಒಂದು ಹಳ್ಳಿಗೆ, ಭತ್ತದ ಸಾಲು ನಾಟಿಯ ಪ್ರಾತ್ಯಕ್ಷಿಕೆ ನಡೆಸಲೆಂದು ಹೋಗಿದ್ದೆ. ಸಸಿ ಕಿತ್ತು ಸಿದ್ಧವಾಗಿತ್ತು, ಆಳುಗಳು ಬಂದಿದ್ದರು, ಗದ್ದೆಯ ಯಜಮಾನರು ಮಾತ್ರ ಇರಲಿಲ್ಲ. "ಅಪ್ಪಯ್ಯ ಸೂಜಿ ಹಾಕಿಸ್ಕೊಂಡು ಬರ್ತೀನಿ ಅಂತ ಪೇಟೆಗೆ ಹೋಗಿದಾರೆ ಸಾರ್" ಎಂದು ಮಗ ಹೇಳಿದ. ಜ್ವರವೇ ಎಂದು ಕೇಳಿದೆ. ಜ್ವರವಲ್ಲ. ಉಳುಮೆ, ಸಸಿಮಡಿ, ಬದು ಕಡಿಯುವುದು ಎಂದು ಒಂದು ತಿಂಗಳು ದುಡಿದು ಮೈಕೈ ಸೋತಿದೆ. ವರ್ಷಕ್ಕೆ ಎರಡು ಬಾರಿ, ನಾಟಿಗೊಮ್ಮೆ ಕುಯಿಲಿಗೊಮ್ಮೆ, ಅವರಿಗೆ ‘ಕೆಂಪು ಸೂಜಿ’ ಬೇಕೇ ಬೇಕು. ಮಧ್ಯಾಹ್ನ ಯಜಮಾನರು ತೋಳು ಉಜ್ಜಿಕೊಳ್ಳುತ್ತ ಬಂದರು. ಏನು ಔಷಧಿ ಎಂದರೆ "ಶಕ್ತಿದು" ಎಂದರು. ಆ ದಿನ ನಾವು ನಾಟಿಯ ಅಂತರದ ಬಗೆಗೇ ಮಾತನಾಡಿ ಮುಗಿಸಿದೆವು.

ಅದೇ ಮನೆಯ ಒಳಕೋಣೆಯಲ್ಲಿ ಅವರ ಮಗಳು ಬಾಣಂತಿಯಾಗಿ ಮಲಗಿದ್ದುದು ನನಗೆ ಅಂದು ತಿಳಿದಿರಲಿಲ್ಲ. ಮೂರು ವಾರಗಳ ಅನಂತರ ಮೇಲುಗೊಬ್ಬರ ಕೊಡಿಸಲು ಹೋದಾಗ ಮನೆಗೆ ಬೀಗ ಬಿದ್ದಿತ್ತು. ಎರಡು ತಿಂಗಳ ಮಗು ಹಾಲು ಕುಡಿಯುವುದನ್ನು ಬಿಟ್ಟು, ವಾಂತಿ ಮಾಡಿ, ಏದುಸಿರು ಬಿಡುತ್ತಿತ್ತಂತೆ. ಅಳುವಾಗ ದನಿಯೂ ಹೊರಡುತ್ತಿರಲಿಲ್ಲವಂತೆ. ಶಿವಮೊಗ್ಗ ನಗರದ ಒಂದು ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿನ ಮಕ್ಕಳ ವೈದ್ಯರು ಮಗುವಿನ ಎದೆ ನೋಡಿದ ಬಳಿಕ ತಾಯಿಯನ್ನು ಕರೆದು, ಹೆರಿಗೆಯಾದಂದಿನಿಂದ ಏನೇನು ಊಟ ಮಾಡಿದ್ದೀಯಮ್ಮ ಎಂದು ಕೇಳಿದರು. ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು, ಊಟವಾದ ಮೇಲೆ ಎಲೆ ಅಡಿಕೆ. ಬೇಳೆ ವಾಯು, ಸೊಪ್ಪು ಶೀತ, ಕಾಳು ನಂಜು ಎಂದು ಮನೆಯ ಹಿರಿಯರು ಏನನ್ನೂ ಕೊಟ್ಟಿರಲಿಲ್ಲ. ವೈದ್ಯರು ಮಗುವಿಗೆ ‘ಬಿ-1’, ಅಂದರೆ ಥಯಮಿನ್ ಜೀವಸತ್ವವನ್ನು ಚುಚ್ಚುಮದ್ದಿನ ಮೂಲಕ ಕೊಟ್ಟರು. ಮರುದಿನ ಮಗು ಹಾಲಿಗೆ ಬಾಯಿ ಹಾಕಿತು.

ಹೀಗೆ ಒಂದೇ ಮನೆಗೆ ಒಂದು ತಿಂಗಳ ಒಳಗೆ ‘ಬಿ’ ಜೀವಸತ್ವದ ಎರಡು ಸೂಜಿಗಳು ಬಂದವು. ಒಂದು ಬೇಕಿತ್ತೆಂದು ಯಾರೂ ಪರೀಕ್ಷಿಸಿ ನೋಡದೆ ಕೊಟ್ಟದ್ದು, ಇನ್ನೊಂದು ಜೀವ ಉಳಿಸಿದ್ದು. ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದವನು. ಆದರೂ ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಆ ಮಗುವಿನ ರೋಗದ ಬೇರು ನಾವು ಬೆಳೆದ ಭತ್ತದಲ್ಲಿ, ಅದನ್ನು ನಾವು ಅಕ್ಕಿ ಮಾಡಿಸುವ ರೀತಿಯಲ್ಲಿ ಇತ್ತು.

ಕೋಳಿಗಳು ಕಲಿಸಿದ ಪಾಠ

ಭತ್ತದ ಕಾಳಿನ ಹೊರಗಿನ ಉಮಿಯನ್ನು ತೆಗೆದರೆ ಕಂದು ಅಥವಾ ಕೆಂಪು ಬಣ್ಣದ ಅಕ್ಕಿ ದೊರೆಯುತ್ತದೆ. ಅದರ ಮೇಲಿನ ತೆಳುವಾದ ಪದರವೂ ತುದಿಯಲ್ಲಿನ ಅಂಕುರವೂ ಸೇರಿ ತೌಡಾಗುತ್ತದೆ. ಥಯಮಿನ್ ಇರುವುದು ಬಹುಪಾಲು ಈ ಭಾಗದಲ್ಲೇ. ಇದನ್ನು ಕಂಡುಹಿಡಿದ ಕಥೆ ಸ್ವಾರಸ್ಯಕರವಾಗಿದೆ.

1890ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕ್ರಿಮಿಯನ್ನು ಹುಡುಕುತ್ತಿದ್ದರು. ಅವರ ಪ್ರಯೋಗದ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಕೆಲವು ಕಾಲದ ಬಳಿಕ ತಾವಾಗಿಯೇ ಗುಣವಾದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಸೈನಿಕ ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರು, ಹೊಸದಾಗಿ ಬಂದ ಅಡಿಗೆಯವನು ಸೈನಿಕರ ಅನ್ನ ಕೋಳಿಗಳಿಗೆ ಏಕೆ ಎಂದು ನಿಲ್ಲಿಸಿದ, ಕೋಳಿಗಳಿಗೆ ಮತ್ತೆ ಪಾಲಿಶ್ ಮಾಡದ ಅಗ್ಗದ ಅಕ್ಕಿ ಬಂತು. ಗುಣವಾದದ್ದು ಆ ಅಕ್ಕಿಯಿಂದ. ಅಡಿಗೆಯವನ ಆ ಜಿಪುಣತನಕ್ಕೆ ಜಗತ್ತು ಋಣಿಯಾಗಿರಬೇಕು. ಐಕ್‌ಮನ್‌ರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇನ್ನೊಬ್ಬರು ರಾಬರ್ಟ್ ವಿಲಿಯಮ್ಸ್. 1886ರಲ್ಲಿ ನಮ್ಮ ನೆರೆಯ ನೆಲ್ಲೂರಿನಲ್ಲಿ ಹುಟ್ಟಿದ ಅಮೆರಿಕದ ರಸಾಯನ ವಿಜ್ಞಾನಿ. 1910ರ ಸುಮಾರಿಗೆ ಮನಿಲಾ ನಗರದಲ್ಲಿ ಹಸುಗೂಸುಗಳು ದನಿ ಕಳೆದುಕೊಂಡು, ಉಸಿರು ಸಿಕ್ಕಿಕೊಂಡು ಸಾಯುತ್ತಿದ್ದವು. ತಾಯಂದಿರು ತಿನ್ನುತ್ತಿದ್ದುದು ಪಾಲಿಶ್ ಅಕ್ಕಿ. ವಿಲಿಯಮ್ಸರು ತೌಡಿನಿಂದ ತೆಗೆದ ಕಷಾಯವನ್ನು ಅಂಥ ಮಗುವಿನ ಬಾಯಿಗೆ ಹನಿ ಹನಿಯಾಗಿ ಬಿಟ್ಟಾಗ ಮಗು ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡಿತು. ಆ ಕಷಾಯದಲ್ಲಿದ್ದ ವಸ್ತುವನ್ನು ಗುರುತಿಸಿ 1936ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸುವವರೆಗೆ ಅವರು ಬೆನ್ನು ಬಿಡಲಿಲ್ಲ. ಇಂದು ಚುಚ್ಚುಮದ್ದಿನ ಗಾಜಿನ ಶೀಸೆಯಲ್ಲಿ ಬರುವುದು ಅದೇ ವಸ್ತು.

ಇದೆಲ್ಲ ಹಳೆಯ ಕಾಲದ ಮಾತು ಎಂದು ತಿಳಿಯಬಾರದು. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎದೆಹಾಲನ್ನೇ ಕುಡಿಯುತ್ತಿದ್ದ ಇನ್ನೂರಕ್ಕೂ ಹೆಚ್ಚು ಹಸುಗೂಸುಗಳ ವಿಷಯವಿದೆ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ವಿಪರೀತವಾಗಿ ಏರಿ, ಹೃದಯದ ಬಲಭಾಗ ಸೋಲುವ ಸ್ಥಿತಿಯಲ್ಲಿ ಅವನ್ನು ತಂದಿದ್ದರು. ಥಯಮಿನ್ ಕೊಟ್ಟಾಗ ಬಹುಪಾಲು ಮಕ್ಕಳು ಬೇಗನೆ ಚೇತರಿಸಿಕೊಂಡವು. ತಾಯಂದಿರ ಊಟ ಪಾಲಿಶ್ ಅಕ್ಕಿ ಮತ್ತು ಕಟ್ಟುನಿಟ್ಟಿನ ಬಾಣಂತಿ ಪಥ್ಯ. ಹುಟ್ಟುವಾಗ ಆರೋಗ್ಯವಾಗಿದ್ದ ಮಗು ಎರಡು ಮೂರು ತಿಂಗಳಲ್ಲಿ ಹೀಗಾಗುವುದನ್ನು ಕಂಡು ದೃಷ್ಟಿಯಾಯಿತು, ಬಾಲಗ್ರಹ ಎಂದು ಅಂತ್ರ ಕಟ್ಟಿಸಿ ಕುಳಿತ ಮನೆಗಳು ನಮ್ಮಲ್ಲಿ ಎಷ್ಟಿವೆಯೋ.

ಎಷ್ಟು ಬೇಕು, ಎಷ್ಟು ಸಿಗುತ್ತದೆ

ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 2 ಮಿಲಿಗ್ರಾಂ ಥಯಮಿನ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಗಿರಣಿ ಪಾಲಿಶ್ ಬೆಳ್ತಿಗೆ ಅಕ್ಕಿಯಲ್ಲಿ ಇರುವುದು ಸುಮಾರು 0.06 ಮಿಲಿಗ್ರಾಂ. ಅದೇ ಭತ್ತವನ್ನು ಕುಚ್ಚಿ ಗಿರಣಿ ಮಾಡಿಸಿದ ಕುಚ್ಚಲಕ್ಕಿಯಲ್ಲಿ ಸುಮಾರು 0.21, ರಾಗಿಯಲ್ಲಿ ಸುಮಾರು 0.42. ತೌಡಿನಲ್ಲಾದರೋ 2.7 ಮಿಲಿಗ್ರಾಂ! ದಿನಕ್ಕೆ 400 ಗ್ರಾಂ ಅಕ್ಕಿ ಉಣ್ಣುವ ಬಾಣಂತಿಗೆ ಬಿಳಿ ಅಕ್ಕಿಯಿಂದ ಕಾಲು ಮಿಲಿಗ್ರಾಮೂ ಸಿಗಲಿಲ್ಲ ಎಂದಾಯಿತು. ಅದೂ ಅಕ್ಕಿಯನ್ನು ತೊಳೆಯುವ ಮುಂಚಿನ ಲೆಕ್ಕ. ಥಯಮಿನ್ ನೀರಿನಲ್ಲಿ ಕರಗುವ ವಸ್ತು. ನಾಲ್ಕಾರು ಸಲ ಉಜ್ಜಿ ತೊಳೆದರೆ ಇದ್ದುದರಲ್ಲಿ ಕಾಲುಭಾಗದಿಂದ ಅರ್ಧದವರೆಗೆ ಚರಂಡಿ ಪಾಲು. ಗಂಜಿ ಬಸಿದರೆ ಮತ್ತೆ ಒಂದಷ್ಟು. ದೇಹದಲ್ಲಿನ ಥಯಮಿನ್ ದಾಸ್ತಾನು ದೊಡ್ಡವರಲ್ಲೂ ಎರಡು ಮೂರು ವಾರಕ್ಕಿಂತ ಹೆಚ್ಚು ಬಾರದು. ನಲವತ್ತು ದಿನದ ಪಥ್ಯದಲ್ಲಿ ತಾಯಿಯ ದಾಸ್ತಾನು ತೀರುತ್ತದೆ, ಎದೆಹಾಲಿನಲ್ಲೂ ಕಡಿಮೆಯಾಗುತ್ತದೆ. ಎದೆಹಾಲನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ತಾಯಿಯ ಊಟವನ್ನು ಸರಿಪಡಿಸಬೇಕು.

ಇನ್ನು ಎಲೆ ಅಡಿಕೆಯ ಮಾತು. ಅಡಿಕೆಯ ನಾಡಿನಲ್ಲಿ ಕುಳಿತು ಇದನ್ನು ಬರೆಯುವುದು ಅಷ್ಟು ಸುಲಭವಲ್ಲ. ಆದರೆ ಅಡಿಕೆಯಲ್ಲಿಯೂ ಚಹಾದಲ್ಲಿಯೂ ಇರುವ ಒಗರು ವಸ್ತುಗಳು ಥಯಮಿನ್ನನ್ನು ಕೆಡಿಸುತ್ತವೆ ಎಂಬುದು 1970ರ ದಶಕದಲ್ಲಿ ಥಾಯ್ಲೆಂಡಿನ ಹಳ್ಳಿಗಳಲ್ಲಿ ನಡೆದ ಅಧ್ಯಯನಗಳಿಂದ ತಿಳಿದುಬಂದಿದೆ. ಮೊದಲೇ ಕೊರತೆಯ ಊಟ, ಅದರ ಮೇಲೆ ತಾಂಬೂಲ. ಬಾಣಂತಿಗೆ ಇದನ್ನು ಬಿಡಿಸುವುದೇ ಲೇಸು.

ನಮ್ಮ ಅಜ್ಜಿಯರ ಕಾಲದಲ್ಲೂ ಪಥ್ಯವಿತ್ತಲ್ಲ, ಆಗ ಮಕ್ಕಳಿಗೆ ಹೀಗಾಗುತ್ತಿರಲಿಲ್ಲವಲ್ಲ ಎಂದು ಆ ಮನೆಯ ಅಜ್ಜಿಯೇ ನನ್ನನ್ನು ಕೇಳಿದರು. ಆಗ ಸತ್ತ ಮಕ್ಕಳ ಲೆಕ್ಕ ಇಟ್ಟವರು ಯಾರು ಎಂಬುದು ಒಂದು ಮಾತು. ಇನ್ನೊಂದು, ಆಗಿನ ಅಕ್ಕಿ ಒನಕೆಯದು. ಒರಳಿನಲ್ಲಿ ಎಷ್ಟು ಕುಟ್ಟಿದರೂ ತೌಡು ಅಷ್ಟಿಷ್ಟು ಉಳಿಯುತ್ತಿತ್ತು. ಮಲೆನಾಡಿನ ಕಡೆ ಕುಚ್ಚಲಕ್ಕಿಯೇ ನಿತ್ಯದ ಅಕ್ಕಿಯಾಗಿತ್ತು. ಭತ್ತವನ್ನು ನೆನೆಸಿದಾಗ ತೌಡಿನ ಪದರದಲ್ಲಿನ ಥಯಮಿನ್ ನೀರಿನೊಂದಿಗೆ ಕಾಳಿನ ಒಳಕ್ಕೆ ಇಳಿಯುತ್ತದೆ; ಬೇಯಿಸಿದಾಗ ಪಿಷ್ಟ ಅಂಟಾಗಿ ಅದನ್ನು ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಆಮೇಲೆ ಗಿರಣಿಯಲ್ಲಿ ಮೇಲಿನ ಪದರ ಹೋದರೂ ಒಳಗಿನದು ಉಳಿಯುತ್ತದೆ. ಜೀವಸತ್ವದ ಹೆಸರೇ ಇಲ್ಲದ ಕಾಲದಲ್ಲಿ ನಮ್ಮವರು ಕಂಡುಕೊಂಡ ಈ ಸಂಸ್ಕರಣ ಕ್ರಮಕ್ಕೆ ನಾವು ಕೊಟ್ಟ ಬೆಲೆ ಏನೆಂದರೆ, ಅದನ್ನು ಬಡವರ ಅಕ್ಕಿ ಎಂದು ಕರೆದದ್ದು.

ಗಿರಣಿಯವರನ್ನು ದೂರಿ ಪ್ರಯೋಜನವಿಲ್ಲ. ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ತೌಡು ಉಳಿದ ಅಕ್ಕಿ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ, ಹುಳುವೂ ಬೇಗ ಬೀಳುತ್ತದೆ, ಬೇಯಲು ಸೌದೆಯೂ ಹೆಚ್ಚು ಬೇಕು. ಕೊಳ್ಳುವವರೂ ಮಲ್ಲಿಗೆ ಮೊಗ್ಗಿನಂತಹ ಅಕ್ಕಿಗೇ ಬೆಲೆ ಕೊಡುತ್ತಾರೆ. ಹಾಗಾಗಿ ತೌಡು ಎಣ್ಣೆ ತೆಗೆಯುವ ಕಾರ್ಖಾನೆಗೂ ದನದ ಆಹಾರಕ್ಕೂ ಹೋಗುತ್ತದೆ. ಇದರಲ್ಲಿ ಒಂದು ತಮಾಷೆಯಿದೆ. ಎಮ್ಮೆ ಹಸುಗಳಿಗೆ ಈ ತೌಡಿನ ಜೀವಸತ್ವದ ಅಗತ್ಯವೇ ಇಲ್ಲ! ಅವುಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ‘ಬಿ’ ವರ್ಗದ ಜೀವಸತ್ವಗಳನ್ನು ತಾವೇ ತಯಾರಿಸಿಕೊಡುತ್ತವೆ. ಬೇಕಾದವರು ನಾವು, ಮತ್ತು ಕೋಳಿಗಳು.

ದನಗಳಿಗೂ ಸೂಜಿ ಬೇಕಾಗುವ ಸಂದರ್ಭ ಇಲ್ಲವೆಂದಲ್ಲ. ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸಗಳನ್ನು ಒಮ್ಮೆಗೇ ಹಸುವಿನ ಮುಂದೆ ಸುರಿಯುವುದುಂಟು. ಹೊಟ್ಟೆಯಲ್ಲಿ ಹುಳಿ ಏರಿ, ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಥಯಮಿನ್ ತಯಾರಿ ನಿಲ್ಲುತ್ತದೆ. ಕರು, ಕುರಿ, ಮೇಕೆಗಳು ಕಣ್ಣು ಕಾಣದೆ, ತಲೆಯನ್ನು ಮೇಲಕ್ಕೆತ್ತಿ ತಿರುಗಾಡುವುದು ಇಂತಹ ಕೊರತೆಯ ಒಂದು ಲಕ್ಷಣ. ತಡಮಾಡದೆ ಪಶುವೈದ್ಯರಿಂದ ಥಯಮಿನ್ ಚುಚ್ಚುಮದ್ದು ಕೊಡಿಸಿದರೆ ಬದುಕುವ ಸಂಭವವಿದೆ.

ಕೆಂಪು ಸೂಜಿಯಲ್ಲಿ ಏನಿದೆ

ಯಜಮಾನರ ಸೂಜಿಗೆ ಬರೋಣ. ಅದರ ಕೆಂಪು ಬಣ್ಣ ‘ಬಿ-12’ ಜೀವಸತ್ವದ್ದು. ಇದರ ಅಣುವಿನ ನಡುವೆ ಕೋಬಾಲ್ಟ್ ಎಂಬ ಲೋಹವಿದೆ, ಬಣ್ಣ ಬರುವುದು ಅದರಿಂದಾಗಿ. ಮಣ್ಣಿನಲ್ಲಿ ಕೋಬಾಲ್ಟ್ ಇಲ್ಲದ ಆಸ್ಟ್ರೇಲಿಯದ ಕರಾವಳಿ ಹುಲ್ಲುಗಾವಲುಗಳಲ್ಲಿ ಕುರಿಗಳು ಹೊಟ್ಟೆ ತುಂಬ ಮೇದರೂ ಸೊರಗಿ ಸಾಯುತ್ತಿದ್ದವು. ಕಾರಣ ಕೋಬಾಲ್ಟ್ ಕೊರತೆ ಎಂದು ಅಲ್ಲಿನ ವಿಜ್ಞಾನಿಗಳು 1935ರ ಹೊತ್ತಿಗೆ ತೋರಿಸಿದರು. ಬಿ-12 ಅನ್ನು ಬೇರ್ಪಡಿಸಿದ್ದು 1948ರಲ್ಲಿ. ಯಾವ ಪೈರೂ ಇದನ್ನು ತಯಾರಿಸಲಾರದು. ಅಕ್ಕಿ, ರಾಗಿ, ಬೇಳೆ, ಸೊಪ್ಪು ಯಾವುದರಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು ಎರಡು ಮೈಕ್ರೋಗ್ರಾಂ ದೊರೆಯುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ನಾಲ್ಕು ಹಸು ಕಟ್ಟಿ, ಕರೆದ ಹಾಲನ್ನೆಲ್ಲ ಸಂಘಕ್ಕೆ ಹಾಕಿ, ಮಾಚೇನಹಳ್ಳಿ ಡೈರಿಯ ಲಾರಿ ಹೊರಟ ಮೇಲೆ ಕಣ್ಣೊರೆಸುವಷ್ಟು ಹಾಲು ಬೆರೆಸಿದ ಚಹಾ ಕುಡಿಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಬಿ-12 ಕೊರತೆ ನಿಜವಾಗಿ ಇರುವವರಿಗೆ ಈ ಚುಚ್ಚುಮದ್ದು ಬಹಳ ಉಪಕಾರಿ. ಪಾದಗಳು ಜುಮುಗುಟ್ಟುವುದು, ಕತ್ತಲಲ್ಲಿ ಹೆಜ್ಜೆ ತಪ್ಪುವುದು, ನಾಲಿಗೆ ಕೆಂಪಾಗಿ ಉರಿಯುವುದು, ಮರೆವು, ರಕ್ತಹೀನತೆ ಇವು ಲಕ್ಷಣಗಳು. ನರಗಳಿಗೆ ತಗಲಿದ ಹಾನಿ ಬಹುಕಾಲ ಕಳೆದರೆ ಪೂರ್ತಿ ವಾಸಿಯಾಗದು, ಆದುದರಿಂದ ತಡಮಾಡಬಾರದು. ಜಠರದಲ್ಲಿ ಬಿ-12 ಹೀರಿಕೆಗೆ ಬೇಕಾದ ರಸ ಒಸರದವರಿಗೆ, ಜಠರದ ಶಸ್ತ್ರಚಿಕಿತ್ಸೆಯಾದವರಿಗೆ ಊಟದಿಂದ ಬಂದದ್ದು ಮೈಗೆ ಹತ್ತುವುದಿಲ್ಲ. ಅಂಥವರಿಗೆ ವೈದ್ಯರು ಮೊದಲಿಗೆ ಪದೇ ಪದೇ, ಬಳಿಕ ತಿಂಗಳಿಗೋ ಎರಡು ಮೂರು ತಿಂಗಳಿಗೋ ಒಮ್ಮೆ ಚುಚ್ಚುಮದ್ದು ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಆಮ್ಲ ತಗ್ಗಿಸುವ ಗುಳಿಗೆ ಇವನ್ನು ವರ್ಷಗಟ್ಟಲೆ ನುಂಗುತ್ತಿರುವವರು ರಕ್ತದಲ್ಲಿನ ಬಿ-12 ಮಟ್ಟವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕೊರತೆ ತೀವ್ರವಾಗಿರದಿದ್ದರೆ ಹೆಚ್ಚಿನ ಪ್ರಮಾಣದ ಗುಳಿಗೆಯೇ ಸಾಕಾಗುವುದುಂಟು.

ಆದರೆ ಕೊರತೆ ಇಲ್ಲದವರಿಗೆ? ಉಣ್ಣುವುದು ಸರಿಯಾಗಿದ್ದರೆ ಬಿ-12 ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ಕೂಡಿರುತ್ತದೆ. ‘ಬಿ’ ವರ್ಗದ ಜೀವಸತ್ವಗಳು ನೀರಿನಲ್ಲಿ ಕರಗುವಂಥವಾದ್ದರಿಂದ ಮಿಕ್ಕದ್ದರಲ್ಲಿ ಬಹುಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ಬಿ-ಕಾಂಪ್ಲೆಕ್ಸ್ ಹಾಕಿಸಿಕೊಂಡ ದಿನ ಮೂತ್ರ ಕಡು ಹಳದಿಯಾಗುವುದು ‘ಬಿ-2’ರ ಬಣ್ಣ. ಸಾರಜನಕ ಸಾಕಷ್ಟಿರುವ ಗದ್ದೆಗೆ ಮತ್ತೆ ಯೂರಿಯಾ ಎರಚಿ, ಕೊಚ್ಚೆಗುಂಡಿಗೆ ಹರಿಯಬಿಟ್ಟಂತೆಯೇ ಇದು. ಇನ್ನು ಸುಸ್ತಿನ ಕಾರಣ ಬೇರೆಯಿದ್ದರೆ, ಅಂದರೆ ಕಬ್ಬಿಣದ ಕೊರತೆಯೋ ಸಕ್ಕರೆ ಕಾಯಿಲೆಯೋ ಥೈರಾಯ್ಡ್ ತೊಂದರೆಯೋ ಇದ್ದರೆ, ಸೂಜಿ ಹಾಕಿಸಿಕೊಂಡ ಸಮಾಧಾನದಲ್ಲಿ ಅದು ಮುಚ್ಚಿಹೋಗುತ್ತದೆ. ಬಿ-12 ಕೊರತೆಯಲ್ಲಿ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೇ ಮುಂದುವರಿಯಬಹುದು. ‘ಬಿ-6’ ಗುಳಿಗೆಗಳನ್ನು ದೊಡ್ಡ ಪ್ರಮಾಣದಲ್ಲಿ ದೀರ್ಘಕಾಲ ನುಂಗಿದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ. ಅಪರೂಪವಾಗಿಯಾದರೂ ಥಯಮಿನ್ ಚುಚ್ಚುಮದ್ದಿನಿಂದ ಮೈಗೆ ಒಗ್ಗದೆ ಪ್ರಾಣಾಪಾಯವಾದದ್ದುಂಟು. ಹೀಗಾಗಿ ಇದು ಔಷಧಿ ಅಂಗಡಿಯ ಮುಂಗಟ್ಟೆಯಲ್ಲಿ ನಿಂತು ಹಾಕಿಸಿಕೊಳ್ಳುವ ವಸ್ತುವಲ್ಲ.

ಗ್ಲೂಕೋಸ್ ಬಾಟಲಿಯ ಬಗ್ಗೆಯೂ ಒಂದು ಎಚ್ಚರಿಕೆ ಹೇಳಲೇಬೇಕು. ದಿನವೂ ಕುಡಿಯುವವರಲ್ಲಿ ಥಯಮಿನ್ ಬಹಳ ಕಡಿಮೆಯಿರುತ್ತದೆ: ಊಟ ಬಿಡುತ್ತಾರೆ, ಉಂಡದ್ದನ್ನು ಕರುಳು ಹೀರದು. ಸಕ್ಕರೆಯನ್ನು ದೇಹ ಉರಿಸಲು ಥಯಮಿನ್ ಬೇಕೇ ಬೇಕು. ಅಂಥವರಿಗೆ ಬರಿಯ ಗ್ಲೂಕೋಸ್ ಹಾಕಿದರೆ ಉಳಿದಿದ್ದ ಥಯಮಿನ್ನೂ ಮುಗಿದು, ಕಣ್ಣು ಓಲಾಡಿ, ಬುದ್ಧಿ ಮಂಕಾಗಿ, ನಡೆಯಲಾರದೆ ಹಾಸಿಗೆ ಹಿಡಿಯಬಹುದು. ಆದ್ದರಿಂದ ಗ್ಲೂಕೋಸಿಗೆ ಮೊದಲು ಅಥವಾ ಅದರ ಜೊತೆಗೇ ಥಯಮಿನ್ ಕೊಡುವುದು ವೈದ್ಯರ ಕ್ರಮ. ಮನೆಯವರು ಕುಡಿತದ ಅಭ್ಯಾಸವನ್ನು ಮರ್ಯಾದೆಗೆ ಅಂಜಿ ವೈದ್ಯರಿಂದ ಬಚ್ಚಿಡಬಾರದು.

ಗದ್ದೆಯಲ್ಲಿ, ಅಡಿಗೆಮನೆಯಲ್ಲಿ

ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಜೀವಸತ್ವವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2021ರಲ್ಲಿ ಘೋಷಣೆಯಾದ ಈ ಯೋಜನೆ 2024ರ ಮಾರ್ಚ್ ವೇಳೆಗೆ ಪಡಿತರ ವ್ಯವಸ್ಥೆಯನ್ನೆಲ್ಲ ಮುಟ್ಟಿತು. ನೂರು ಕಾಳಿಗೆ ಒಂದರಂತೆ ಬೆರೆಸಿದ, ಜನ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆದ ಆ ಕಾಳುಗಳು ಅಕ್ಕಿಹಿಟ್ಟಿನಿಂದಲೇ ಮಾಡಿದವು. ಅವುಗಳಲ್ಲಿ ಸೇರಿಸಿದ್ದು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ-12. ಥಯಮಿನ್ ಸೇರಿಸುವುದು ಕಡ್ಡಾಯವಿರಲಿಲ್ಲ. ಬಿ-12 ಪ್ರಮಾಣವೂ ಕಿಲೋ ಅಕ್ಕಿಗೆ ಸುಮಾರು ಒಂದು ಮೈಕ್ರೋಗ್ರಾಂ ಅಷ್ಟೆ. ಎಸೆಯಬೇಕಾದ್ದಿಲ್ಲ, ಆದರೆ ಅದನ್ನೇ ನಂಬಿ ಕೂರುವಂತೆಯೂ ಇಲ್ಲ.

ಭತ್ತ ಬೆಳೆಯುವವರ ಕೈಯಲ್ಲಿ ಇದಕ್ಕಿಂತ ಹೆಚ್ಚಿನದಿದೆ. ಮಾರುವ ಭತ್ತ ಹೇಗಾದರೂ ಆಗಲಿ, ಮನೆಯ ಊಟಕ್ಕೆ ಇಟ್ಟ ಚೀಲಗಳನ್ನು ಕುಚ್ಚಲಕ್ಕಿ ಮಾಡಿಸಬಹುದು. ಅದು ರುಚಿಸದಿದ್ದರೆ ಗಿರಣಿಯಲ್ಲಿ ಒಂದೇ ಪಾಲಿಶ್ ಸಾಕೆಂದು ಹೇಳಿ, ಹದಿನೈದು ದಿನಕ್ಕಾಗುವಷ್ಟನ್ನು ಮಾತ್ರ ಮಾಡಿಸಿದರೆ ಮುಗ್ಗಲಾಗದು. ಜ್ಯೋತಿಯಂತಹ ಕೆಂಪಕ್ಕಿ ತಳಿಗಳನ್ನು, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಹೊರತಂದ ಕೆಂಪಕ್ಕಿ ತಳಿ ಸಹ್ಯಾದ್ರಿ ಮೇಘಾವನ್ನು, ಕೆಂಪು ಉಳಿಯುವಂತೆ ಮಾಡಿಸಿದರೆ ಮಾತ್ರ ಲಾಭ. ಬೆಳ್ಳಗಾಗುವವರೆಗೆ ತಿಕ್ಕಿಸಿದ ಮೇಲೆ ಯಾವ ತಳಿಯಾದರೂ ಒಂದೇ. ಎರಡು ಸಲ ತೊಳೆದು, ಹಿಡಿಯುವಷ್ಟೇ ನೀರಿಟ್ಟು ಬೇಯಿಸಬೇಕು. ಬಸಿಯುವ ರೂಢಿಯಿದ್ದರೆ ಗಂಜಿಯನ್ನು ದನಕ್ಕೆ ಹಾಕದೆ ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯುವುದು ಉತ್ತಮ.

ಮುಂಗಾರು ಭತ್ತದ ಕುಯಿಲಾದ ಮೇಲೆ, ಬೇಸಿಗೆ ಬೆಳೆಗೆ ನಾಲೆ ನೀರಿಲ್ಲದ ಗದ್ದೆಗಳಲ್ಲಿ ನೆಲದ ಹಸಿ ಆರುವ ಮುನ್ನ ಉದ್ದು, ಹೆಸರು, ಅಲಸಂದೆಯನ್ನು ಬಿತ್ತುವುದನ್ನು ನಾವು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಬೀಜಕ್ಕೆ ರೈಜೋಬಿಯಂ ಲೇಪಿಸಿದರೆ ಸಾಕು, ಖರ್ಚು ಅತ್ಯಲ್ಪ. ಭೂಮಿಗೆ ಸಾರಜನಕ ಸಿಗುತ್ತದೆ ಎಂದಷ್ಟೇ ಹೇಳುತ್ತಿದ್ದ ನಾನು, ಈಗ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಈ ಕಾಳುಗಳಲ್ಲಿ ಥಯಮಿನ್ ಪಾಲಿಶ್ ಅಕ್ಕಿಗಿಂತ ಆರೇಳು ಪಟ್ಟು ಹೆಚ್ಚು. ಬದುವಿನ ಮೇಲೆ ತೊಗರಿ, ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು ಇದ್ದರೆ ಫೋಲಿಕ್ ಆಮ್ಲದ ಚಿಂತೆಯೂ ಕಡಿಮೆ.

ಬಾಣಂತಿಗೆ ಹೆಸರುಬೇಳೆ ತೊವ್ವೆ, ರಾಗಿ ಗಂಜಿ, ಮೆಂತ್ಯ ಇವುಗಳಿಂದ ಆರಂಭಿಸಿದರೆ ಹಿರಿಯರ ಮನಸ್ಸಿಗೂ ನೋವಾಗದು, ಹೊಟ್ಟೆಗೂ ಹಗುರ. ಇದನ್ನು ಆ ಮನೆಯ ಅಜ್ಜಿಗೆ ಹೇಳಿದವರು ವೈದ್ಯರು. ಒಪ್ಪಿಸಿದ್ದು ಮಾತ್ರ ಮೊಮ್ಮಗಳ ಮಗುವಿನ ದನಿ ಮರಳಿ ಬಂದದ್ದು.

ಕುಯಿಲಿನ ಹೊತ್ತಿಗೆ ಇಳುವರಿ ತೂಗಲು ಹೋದಾಗ ಯಜಮಾನರು ಈ ಸಲ ಸೂಜಿಗೆ ಹೋಗಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ್ದರು. ಕಡಿಮೆಯಿದ್ದದ್ದು ಕಬ್ಬಿಣದ ಅಂಶವಂತೆ, ಗುಳಿಗೆ ನುಂಗುತ್ತಿದ್ದರು. ಮನೆಯ ಭತ್ತವನ್ನು ಒಂದೇ ಪಾಲಿಶ್ ಮಾಡಿಕೊಡಿ ಎಂದಾಗ ಗಿರಣಿಯವನು "ಅನ್ನ ಕಪ್ಪಾದ್ರೆ ನನ್ನ ಬೈಬೇಡಿ" ಎಂದನಂತೆ. ಅಂಗಳದಲ್ಲಿ ಹಂಡೆಯೊಂದನ್ನು ಒಲೆಗೇರಿಸಿ ಭತ್ತ ಕುಚ್ಚುತ್ತಿದ್ದರು. ಅಜ್ಜಿ ಸೌಟಿನಿಂದ ನಾಲ್ಕು ಕಾಳು ತೆಗೆದು, ಉಮಿ ಬಿರಿದಿದೆಯೇ ಎಂದು ನೋಡಿ, ಇನ್ನೊಂದು ಉರಿ ಬೇಕೆಂದು ಮೊಮ್ಮಗನಿಗೆ ಹೇಳಿದರು.